ಕಲ್ಲು ಮುಟ್ಟದೆ ಕಲಿಸಿದ ಭೂಗೋಳ

ನಮ್ಮ ಹೈಸ್ಕೂಲ್ ಮಕ್ಕಳು ಸಮಾಜ ವಿಜ್ಞಾನದಲ್ಲಿ ಶಿಲಾಗೋಳ ಅಂತ ಒಂದು ಪಾಠ ಓದುತ್ತಾರೆ. ಅಗ್ನಿಶಿಲೆ, ಕಣಶಿಲೆ, ರೂಪಾಂತರ ಶಿಲೆ. ಗದಗಿನಲ್ಲಿ ಕೇಳಿ, ಹಾವೇರಿಯಲ್ಲಿ ಕೇಳಿ, ಮೂರೂ ಹೆಸರನ್ನು ಪಟಪಟ ಹೇಳುತ್ತಾರೆ. ನಿಮ್ಮ ಶಾಲೆಯ ಕಾಂಪೌಂಡಿಗೆ ಹಾಕಿದ ಕಲ್ಲು ಈ ಮೂರರಲ್ಲಿ ಯಾವುದು ಅಂದರೆ ಮಾತ್ರ ಮುಖ ಮುಖ ನೋಡುತ್ತಾರೆ. ತಪ್ಪು ಮಕ್ಕಳದ್ದಲ್ಲ. ಈ ಪಾಠ ನಡೆಯುವುದು ಸಮಾಜ ವಿಜ್ಞಾನದ ಪಿರಿಯಡ್‌ನಲ್ಲಿ. ಅದಕ್ಕೆ ಲ್ಯಾಬ್ ಇಲ್ಲ, ಪ್ರಾಕ್ಟಿಕಲ್ ಇಲ್ಲ. ಕಲ್ಲು, ಮಣ್ಣು, ಮಳೆಯ ವಿಜ್ಞಾನ ನಮ್ಮಲ್ಲಿ ರಾಜರ ಇಸವಿಗಳ ಜೊತೆ ಒಂದೇ ಪುಸ್ತಕದಲ್ಲಿ ಕೂತಿದೆ. ಬಾಯಿಪಾಠ ಆಗದೆ ಇನ್ನೇನಾಗಬೇಕು?

ಈ ವಿಜ್ಞಾನ ಹುಟ್ಟಿದ್ದು ಮಾತ್ರ ಹೀಗಲ್ಲ. ರಾಬರ್ಟ್ ಬ್ರೂಸ್ ಫೂಟ್ ಎಂಬ ಬ್ರಿಟಿಷ್ ಭೂವಿಜ್ಞಾನಿ 1858ರಲ್ಲಿ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣಾ ಇಲಾಖೆಗೆ ಸೇರಿದರು. ಆಗ ದಕ್ಷಿಣ ಮರಾಠಾ ಪ್ರಾಂತ ಅನ್ನಿಸಿಕೊಂಡಿದ್ದ ನಮ್ಮ ಸೀಮೆಯನ್ನು ಸುತ್ತಿ, 1876ರಲ್ಲಿ ಅದರ ವರದಿ ತಂದರು. ಮುಂದಿನ ದಶಕದಲ್ಲಿ ಇಲ್ಲಿನ ಹಳೆಯ ಶಿಲೆಗಳ ಗುಂಪಿಗೆ ಧಾರವಾಡದ ಹೆಸರನ್ನೇ ಇಟ್ಟರು. ಇವು 250 ಕೋಟಿ ವರ್ಷಕ್ಕಿಂತ ಹಳೆಯ ಕಲ್ಲುಗಳು. ಗದಗ ಜಿಲ್ಲೆಯ ಕಪ್ಪತಗುಡ್ಡದ ಕಲ್ಲೂ ಇದೇ ಬಳಗದ್ದು. ಜಗತ್ತಿನ ಭೂವಿಜ್ಞಾನದ ಪುಸ್ತಕಗಳಲ್ಲಿ ಇವತ್ತು ನಮ್ಮೂರ ಹೆಸರಿದೆ ಅಂದರೆ, ಅದು ಹಳ್ಳ ಗುಡ್ಡ ಅಲೆದು, ಕಲ್ಲು ಒಡೆದು, ಕೈಯಲ್ಲಿ ಹಿಡಿದು ನೋಡಿದ್ದರಿಂದ ಬಂದದ್ದು. ಆ ತಿಳಿವಳಿಕೆ ಇಂಗ್ಲಿಷ್ ವರದಿಗಳಲ್ಲೇ ಉಳಿಯಿತು. ಶಾಲೆಯ ತನಕ ಬಂದದ್ದು ಹೆಸರುಗಳ ಪಟ್ಟಿ ಮಾತ್ರ.

ಪುಸ್ತಕದಿಂದ ಕೈಗೆ ಕಲಿಕೆಯನ್ನು ತರುವ ಪ್ರಯತ್ನ ನಮ್ಮ ದೇಶದಲ್ಲಿ ಮತ್ತೆ ಮತ್ತೆ ನಡೆದಿದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ನಯೀ ತಾಲೀಮ್ ಮುಂದಿಟ್ಟರು. ಕೈಕಸುಬಿನ ಮೂಲಕವೇ ಎಲ್ಲ ವಿಷಯ ಕಲಿಸಬೇಕು ಅನ್ನುವುದು ಅದರ ಜೀವಾಳ. ಸ್ವಾತಂತ್ರ್ಯದ ನಂತರ ಅದು ನಿಧಾನವಾಗಿ ಸೊರಗಿತು.

ಇದಕ್ಕಿಂತ ಜಾಸ್ತಿ ಗಮನಿಸಬೇಕಾದದ್ದು ಮಧ್ಯಪ್ರದೇಶದ ಹೋಶಂಗಾಬಾದಿನ ಕಥೆ. 1972ರಲ್ಲಿ ಅಲ್ಲಿನ 16 ಮಾಧ್ಯಮಿಕ ಶಾಲೆಗಳಲ್ಲಿ ಒಂದು ಪ್ರಯೋಗ ಶುರುವಾಯಿತು. ಮಕ್ಕಳು ಗುಂಪಾಗಿ ಕೂತು ತಾವೇ ಪ್ರಯೋಗ ಮಾಡುವುದು, ಮಣ್ಣು ಕಲ್ಲು ಎಲೆ ಹುಡುಕಿಕೊಂಡು ಹೊರಗೆ ಹೋಗುವುದು, ಕಂಡದ್ದನ್ನು ತಾವೇ ಬರೆಯುವುದು. ಅದರಲ್ಲೂ ದೊಡ್ಡ ಮಾತು ಪರೀಕ್ಷೆಯದು. ಪುಸ್ತಕ ತೆರೆದಿಟ್ಟುಕೊಂಡೇ ಬರೆಯಬಹುದಿತ್ತು, ಪ್ರಯೋಗಕ್ಕೂ ಅಂಕ ಇತ್ತು. ಈ ಪದ್ಧತಿ ಸಾವಿರದಷ್ಟು ಸರಕಾರಿ ಶಾಲೆಗಳಿಗೆ ಹಬ್ಬಿತು. ಮೂವತ್ತು ವರ್ಷ ನಡೆದ ಮೇಲೆ, 2002ರಲ್ಲಿ ಅಲ್ಲಿನ ಸರಕಾರ ಅದನ್ನು ನಿಲ್ಲಿಸಿತು. ಬಡ ಹಳ್ಳಿ ಶಾಲೆಯಲ್ಲೂ ಮಾಡಿ ಕಲಿಸಬಹುದು ಅನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ನನಗೆ ಗೊತ್ತಿಲ್ಲ.

ಪರಿಸರದ ಪಾಠ ಬಂದದ್ದು ಬೇರೆ ದಾರಿಯಿಂದ, ಕೋರ್ಟಿನಿಂದ. ಎಂ.ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 1991ರಲ್ಲಿ, ಶಾಲೆ ಕಾಲೇಜುಗಳಲ್ಲಿ ಪರಿಸರವನ್ನು ಕಡ್ಡಾಯವಾಗಿ ಕಲಿಸಬೇಕು ಅಂದಿತು. ಜಾರಿಗೆ ವರ್ಷಗಳೇ ಹಿಡಿದವು. ಪದವಿ ತರಗತಿಗಳಿಗೆ ಆರು ತಿಂಗಳ ಒಂದು ಪತ್ರಿಕೆ ಬಂತು. ಕೋರ್ಟಿನ ಉದ್ದೇಶ ದೊಡ್ಡದು. ಆದರೆ ಬಹಳ ಕಡೆ ಅದು ಗೈಡ್ ನೋಡಿ ಪಾಸಾಗುವ ಪತ್ರಿಕೆಯಾಯಿತು. ಹುಬ್ಬಳ್ಳಿಯ ಉಣಕಲ್ ಕೆರೆಯ ಮಗ್ಗುಲಲ್ಲೇ ಇದ್ದು ವಿದ್ಯಾರ್ಥಿಗಳು ನೀರಿನ ಮಾಲಿನ್ಯದ ಐದು ಕಾರಣಗಳನ್ನು ಬಾಯಿಪಾಠ ಮಾಡುವುದು ನೋಡಿದರೆ ಸಂಕಟವಾಗುತ್ತದೆ.

ಕೆಳಗಿನ ತರಗತಿಗಳಲ್ಲಿ ಗಾಳಿ ಸ್ವಲ್ಪ ಬದಲಾಯಿತು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ, ಚಟುವಟಿಕೆಯ ಮೂಲಕ ಕಲಿಸುವ ನಲಿ-ಕಲಿ ಮುಂದೆ ರಾಜ್ಯಕ್ಕೆಲ್ಲ ಬಂತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಕಲಿಕೆಯನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಿ ಅಂದಿತು. ಅಗಸ್ತ್ಯ ಫೌಂಡೇಶನ್‌ನ ಸಂಚಾರಿ ಲ್ಯಾಬ್ ಗಾಡಿಗಳು ನಮ್ಮ ಕಡೆಯ ಹಳ್ಳಿ ಶಾಲೆಗಳಿಗೂ ಬಂದವು. ಕರ್ನಾಟಕ ವಿಶ್ವವಿದ್ಯಾಲಯದ ಆವರಣದಲ್ಲಿ 2012ರಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ತೆರೆಯಿತು.

ಇಷ್ಟೆಲ್ಲ ಆದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಮಾಡಿ ಕಲಿಯಿರಿ ಅಂದಾಗ ಮಾಡುವವರು ಯಾರು? ಗುಡ್ಡಕ್ಕೆ ಕರೆದೊಯ್ದರೆ ಕಾಲಿಗೆ ತೊಂದರೆ ಇರುವ ಹುಡುಗ ಶಾಲೆಯಲ್ಲೇ ಉಳಿಯುತ್ತಾನೆ. ಚಾರ್ಟ್ ತೂಗುಹಾಕಿದರೆ ಕಣ್ಣು ಕಾಣದ ಹುಡುಗಿ ಸುಮ್ನೆ ಕೂರುತ್ತಾಳೆ. ಸರ್ ಬೋರ್ಡಿನ ಕಡೆ ತಿರುಗಿ ಮಾತಾಡಿದರೆ ಕಿವಿ ಕೇಳದ ಮಗುವಿಗೆ ತುಟಿಯೂ ಕಾಣುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿ, ಎಲ್ಲರ ಜೊತೆ ಕೂತು ಕಲಿಯುವುದು ಈ ಮಕ್ಕಳ ಹಕ್ಕು ಅಂತ ಹೇಳುತ್ತದೆ. ಹಾಜರಿ ಪುಸ್ತಕದಲ್ಲಿ ಹೆಸರಿದ್ದರೆ ಆ ಹಕ್ಕು ಸಿಕ್ಕಂತಲ್ಲ, ಅಲ್ವಾ?

ಕೈ ಮತ್ತು ಕಿವಿಯಿಂದ ಎಷ್ಟು ಎತ್ತರಕ್ಕೆ ಕಲಿಯಬಹುದು ಅನ್ನುವುದನ್ನು ಗದಗಿನವರಿಗೆ ಹೇಳಬೇಕಾಗಿಲ್ಲ. ಕಣ್ಣು ಕಾಣದವರಿಗೆ ಸಂಗೀತ ಕಲಿಸುವ ವೀರೇಶ್ವರ ಪುಣ್ಯಾಶ್ರಮ ಅಲ್ಲೇ ಇದೆ. ಪುಟ್ಟರಾಜ ಗವಾಯಿಗಳಿಗೇ ಕಣ್ಣು ಕಾಣುತ್ತಿರಲಿಲ್ಲ. ಸಂಗೀತಕ್ಕೆ ಒಪ್ಪಿಕೊಂಡ ಈ ಮಾತನ್ನು ವಿಜ್ಞಾನಕ್ಕೆ ಒಪ್ಪಲು ಯಾಕೋ ಹಿಂಜರಿಯುತ್ತೇವೆ. ನೆದರ್ಲೆಂಡ್ಸ್‌ನಲ್ಲಿ 1946ರಲ್ಲಿ ಹುಟ್ಟಿದ ಗೀರತ್ ವರ್ಮೇ ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡವರು. ಚಿಪ್ಪುಗಳನ್ನು ಬೆರಳಿನಿಂದ ಮುಟ್ಟಿ ನೋಡುತ್ತಲೇ ಅವರು ಹೆಸರಾಂತ ಜೀವವಿಕಾಸ ವಿಜ್ಞಾನಿಯಾದರು, ಕ್ಯಾಲಿಫೋರ್ನಿಯಾದಲ್ಲಿ ಪ್ರಾಧ್ಯಾಪಕರಾದರು.

ನಮ್ಮ ಶಾಲೆಗಳಲ್ಲಿ ಇದನ್ನು ಮಣ್ಣಿನಿಂದ ಶುರು ಮಾಡಬಹುದು. ಧಾರವಾಡದಿಂದ ಪಡುವಣಕ್ಕೆ ಹೋದರೆ ಮಸಾರಿ, ಅಂದರೆ ಕೆಂಪು ಮಣ್ಣು; ಮೂಡಣಕ್ಕೆ ನವಲಗುಂದದ ಕಡೆ ಹೋದರೆ ಎರೆ, ಅಂದರೆ ಕಪ್ಪು ಮಣ್ಣು. ಎರಡೂ ಒಂದೊಂದು ಬೊಗಸೆ ತಂದರೆ ಸಾಕು. ಸ್ವಲ್ಪ ನೀರು ಹಾಕಿ ನಾದಿ, ಅಂಗೈ ಮೇಲೆ ಬತ್ತಿಯ ಹಾಗೆ ಹೊಸೆಯಬೇಕು. ಮರಳು ಜಾಸ್ತಿ ಇರುವ ಮಸಾರಿ ಬೆರಳಿಗೆ ಕರಕರ ಅನ್ನುತ್ತದೆ, ಬತ್ತಿ ಬೇಗ ತುಂಡಾಗುತ್ತದೆ. ಎರೆ ಮಣ್ಣು ಅಂಟುತ್ತದೆ, ಉದ್ದಕ್ಕೆ ಬರುತ್ತದೆ, ಬಳೆಯ ಹಾಗೆ ಬಗ್ಗಿಸಿದರೂ ಮುರಿಯುವುದಿಲ್ಲ. ಇದು ಮಣ್ಣು ವಿಜ್ಞಾನಿಗಳು ಹೊಲದಲ್ಲಿ ಇವತ್ತಿಗೂ ಮಾಡುವ ಪರೀಕ್ಷೆಯೇ. ಇದಕ್ಕೆ ಕಣ್ಣು ಬೇಕಿಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡಿದ ನಮ್ಮ ಮಕ್ಕಳಿಗೆ ಯಾವ ಮಣ್ಣಿನಲ್ಲಿ ಕೋಡು ನಿಲ್ಲುತ್ತದೆ, ಯಾವುದರಲ್ಲಿ ಮುರಿಯುತ್ತದೆ ಅನ್ನುವುದು ಮೊದಲೇ ಗೊತ್ತು. ಆ ತಿಳಿವಳಿಕೆಗೆ ಶಾಲೆಯಲ್ಲಿ ಅಂಕ ಇಲ್ಲ, ಅಷ್ಟೇ.

ಮುಂದಿನ ಹೆಜ್ಜೆ ನೀರಿನದು. ಎರಡು ಪ್ಲಾಸ್ಟಿಕ್ ಬಾಟಲಿಗಳ ತಳ ಕತ್ತರಿಸಿ, ಬಾಯಿಗೆ ಬಟ್ಟೆ ಕಟ್ಟಿ, ತಲೆಕೆಳಗೆ ನಿಲ್ಲಿಸಿ. ಒಂದರಲ್ಲಿ ಮಸಾರಿ, ಒಂದರಲ್ಲಿ ಎರೆ. ಕೆಳಗೆ ಸ್ಟೀಲ್ ತಟ್ಟೆ ಇಡಿ. ಎರಡಕ್ಕೂ ಒಂದೊಂದು ಲೋಟ ನೀರು ಸುರಿಯಿರಿ. ಮಸಾರಿಯ ತಟ್ಟೆ ಟಪ್ ಟಪ್ ಅನ್ನತೊಡಗಿದಾಗ ಎರೆಯದು ಇನ್ನೂ ಸುಮ್ಮನಿರುತ್ತದೆ. ಕಾಣದವರು ಹನಿ ಎಣಿಸುತ್ತಾರೆ, ಕೇಳದವರು ನೀರು ಇಳಿಯುವುದನ್ನು ಗುರುತು ಹಾಕುತ್ತಾರೆ, ಓಡಾಡಲು ಆಗದವರು ಗಡಿಯಾರ ನೋಡಿ ಬರೆಯುತ್ತಾರೆ. ಯಾರೂ ಪ್ರೇಕ್ಷಕರಲ್ಲ. ಜೋರು ಮಳೆಗೆ ಬೆಣ್ಣಿಹಳ್ಳ ಯಾಕೆ ಉಕ್ಕುತ್ತದೆ ಅನ್ನುವ ಮಾತನ್ನು ಇಲ್ಲಿಂದಲೇ ಎತ್ತಿಕೊಳ್ಳಬಹುದು. ಒಣಗಿ ಬಿರಿದ ಎರೆ ಮೊದಮೊದಲು ನೀರು ಕುಡಿಯುತ್ತದೆ, ತೊಯ್ದು ಉಬ್ಬಿದ ಮೇಲೆ ಬಿರುಕು ಮುಚ್ಚಿ ನೀರು ಮೇಲೆಯೇ ಹರಿದುಹೋಗುತ್ತದೆ.

ಇನ್ನು ನಕ್ಷೆ. ಎಸ್‌ಎಸ್‌ಎಲ್‌ಸಿ ಸಮಾಜ ವಿಜ್ಞಾನದಲ್ಲಿ ಭಾರತದ ನಕ್ಷೆ ಬರೆಯುವ ಪ್ರಶ್ನೆ ಇರುತ್ತದೆ. ಕಣ್ಣು ಕಾಣದ ಮಕ್ಕಳಿಗೆ ಅದರ ಬದಲು ಬೇರೆ ಪ್ರಶ್ನೆ ಕೊಡುತ್ತಾರೆ. ಅವರ ಅಂಕ ಹೋಗಬಾರದು ಅನ್ನುವ ಒಳ್ಳೆಯ ಮನಸ್ಸಿನ ಏರ್ಪಾಡು ಅದು. ಆದರೆ ಪರೀಕ್ಷೆಯಲ್ಲಿ ನಕ್ಷೆ ಬೇಡ ಅಂದಮೇಲೆ ತರಗತಿಯಲ್ಲೂ ಅವರ ಕೈಗೆ ನಕ್ಷೆ ಸಿಗುವುದು ಕಷ್ಟ.

ಮುಟ್ಟಿ ತಿಳಿಯುವ ನಕ್ಷೆ ಮಾಡುವುದು ದೊಡ್ಡ ಕೆಲಸವಲ್ಲ. ಒಂದು ರಟ್ಟು, ಫೆವಿಕಾಲ್, ದಾರ, ಮರಳು ಇದ್ದರೆ ಆಯಿತು. ಗುಡ್ಡಕ್ಕೆ ಮರಳು ಅಂಟಿಸಿ, ನದಿಗೆ ದಾರ. ಧಾರವಾಡದಿಂದ ಒಂದು ದಾರ ಪಡುವಣಕ್ಕೆ ಶಾಲ್ಮಲೆಯಾಗಿ, ಬೇಡ್ತಿಯಾಗಿ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಇನ್ನೊಂದು ಮೂಡಣಕ್ಕೆ ತುಪ್ಪರಿಹಳ್ಳ, ಬೆಣ್ಣಿಹಳ್ಳ, ಮಲಪ್ರಭಾ, ಕೃಷ್ಣೆ ಅಂತ ಬಂಗಾಳ ಕೊಲ್ಲಿಗೆ. ಒಂದೇ ಊರಿನ ಮಳೆ ಎರಡು ಸಮುದ್ರಕ್ಕೆ ಸೇರುತ್ತದೆ ಅನ್ನುವುದನ್ನು ಕಣ್ಣಿದ್ದವರೂ ಬೆರಳಾಡಿಸಿಯೇ ಚೆನ್ನಾಗಿ ತಿಳಿಯುತ್ತಾರೆ. ತಿಂಗಳಿಗೊಮ್ಮೆ ಬರುವ ಬ್ಯಾಗ್ ಇಲ್ಲದ ಶನಿವಾರ ಇಂಥ ಒಂದು ನಕ್ಷೆ ಮಾಡಿಸಲು ಧಾರಾಳ ಸಾಕು. ಅದೇ ನಕ್ಷೆಯನ್ನು ಪರೀಕ್ಷಾ ಕೊಠಡಿಗೂ ತರಿಸಿ, ಬದಲಿ ಪ್ರಶ್ನೆಯ ಜೊತೆಗೆ ಇದನ್ನೂ ಆರಿಸಿಕೊಳ್ಳಲು ಬಿಡುವುದು ಪರೀಕ್ಷಾ ಮಂಡಳಿಯ ಕೈಯಲ್ಲಿದೆ.