ಕಬ್ಬಿಣ ನುಂಗಿದ ಯಕೃತ್ತು

ಉಡುಪಿಯ ಕಡೆಯಿಂದ ಬಂದಿದ್ದ ಆ ಹಿರಿಯ ಮಹಿಳೆಗೆ ಮಾಡಬೇಕಿದ್ದದ್ದು ಪಿತ್ತನಾಳದ ಎಂಆರ್‌ಐ. ಕಲ್ಲು ಸಿಕ್ಕಿಕೊಂಡಿದೆಯೇ ಎಂದು ನೋಡುವ ಸಾಧಾರಣ ಸ್ಕ್ಯಾನಿಂಗ್. ಇಂಜೆಕ್ಷನ್ ಕೂಡ ಬೇಕಿರಲಿಲ್ಲ. ಮೊದಲ ಚಿತ್ರಗಳು ಬರುತ್ತಿದ್ದಂತೆಯೇ ತಂತ್ರಜ್ಞೆ ನನ್ನನ್ನು ಕರೆದರು. ಬೂದು ಬಣ್ಣದಲ್ಲಿ ಕಾಣಬೇಕಾದ ಯಕೃತ್ತು ಇದ್ದಿಲಿನಂತೆ ಕಪ್ಪಾಗಿತ್ತು. ಗುಲ್ಮವೂ (ಸ್ಪ್ಲೀನ್) ಕಪ್ಪು, ಬೆನ್ನುಮೂಳೆಯ ಮಜ್ಜೆಯೂ ಕಪ್ಪು. ಮೇದೋಜ್ಜೀರಕ ಗ್ರಂಥಿ ಮಾತ್ರ ಎಂದಿನಂತಿತ್ತು.

ಎಂಆರ್‌ಐಯಲ್ಲಿ ಇಂಥ ಕಪ್ಪು ಕಬ್ಬಿಣದ ಗುರುತು. ಅದು ಹೀಗೆ ಯಕೃತ್ತು, ಗುಲ್ಮ, ಮಜ್ಜೆಗಳಲ್ಲಿ ಸೇರಿಕೊಳ್ಳುವುದು ಸಾಮಾನ್ಯವಾಗಿ ಮತ್ತೆ ಮತ್ತೆ ರಕ್ತ ಹಾಕಿಸಿಕೊಂಡವರಲ್ಲಿ. ವಂಶಪಾರಂಪರ್ಯವಾಗಿ ಬರುವ ಕಬ್ಬಿಣದ ಕಾಯಿಲೆಯಾಗಿದ್ದರೆ ಗುಲ್ಮ ಉಳಿದು, ಮುಂದೆ ಮೇದೋಜ್ಜೀರಕವೂ ಕಪ್ಪಾಗುತ್ತದೆ. ಹೊರಗೆ ಹೋಗಿ ಕೇಳಿದೆ: "ಅಮ್ಮ, ನಿಮಗೆ ಯಾವಾಗಲಾದರೂ ರಕ್ತ ಹಾಕಿದ್ದಾರೆಯೇ?" ಇಲ್ಲ ಎಂದರು. ಕಿಡ್ನಿಯ ತೊಂದರೆ ಇದೆ, ರಕ್ತ ಕಡಿಮೆ, ಅಷ್ಟೇ. ಜೊತೆಯಲ್ಲಿದ್ದ ಸೊಸೆ ಚೀಲದಿಂದ ಒಂದು ಕಾಗದ ತೆಗೆದರು. ಐದು ವಾರಗಳ ಹಿಂದೆ, ಅಮೆರಿಕದಲ್ಲಿ ಮಗನ ಮನೆಯಲ್ಲಿದ್ದಾಗ, ಅಲ್ಲಿನ ವೈದ್ಯರು ರಕ್ತಹೀನತೆಗೆಂದು ನರದ ಮೂಲಕ ಕಬ್ಬಿಣ ಕೊಟ್ಟಿದ್ದರು. ಮದ್ದಿನ ಹೆಸರು ಫೆರುಮಾಕ್ಸಿಟಾಲ್.

ಆ ಕಾಗದ ಇಲ್ಲದಿದ್ದರೆ 'ಯಕೃತ್ತಿನಲ್ಲಿ ಅತಿಯಾದ ಕಬ್ಬಿಣ' ಎಂದು ನಾನು ವರದಿ ಬರೆಯುತ್ತಿದ್ದೆ. ಆ ವರದಿ ಹಿಡಿದು ಅವರು ಇನ್ನೆಷ್ಟು ಪರೀಕ್ಷೆಗಳಿಗೆ ಅಲೆಯಬೇಕಾಗುತ್ತಿತ್ತೋ.

ಫೆರುಮಾಕ್ಸಿಟಾಲ್ ರಕ್ತಹೀನತೆಯ ಮದ್ದು ನಿಜ. ಆದರೆ ಅದರ ಒಂದೊಂದು ಹನಿಯಲ್ಲಿಯೂ ಇರುವುದು ಕಬ್ಬಿಣದ ಆಕ್ಸೈಡಿನ ನ್ಯಾನೊ ಕಣಗಳು. ಸಕ್ಕರೆಯ ಜಾತಿಯ ಹೊದಿಕೆಯೂ ಸೇರಿ ಒಂದು ಕಣದ ಅಗಲ ಸುಮಾರು 30 ನ್ಯಾನೊಮೀಟರ್. ನಮ್ಮ ಒಂದು ಕೆಂಪು ರಕ್ತಕಣದ ಅಗಲಕ್ಕೆ ಇಂಥವನ್ನು ಇನ್ನೂರಕ್ಕೂ ಹೆಚ್ಚು ಸಾಲಾಗಿ ಜೋಡಿಸಬಹುದು. ಒಳಗಿನ ತಿರುಳು ಮ್ಯಾಗ್ನಟೈಟ್ ಮತ್ತು ಅದರ ಸಮೀಪದ ಬಂಧು ಮ್ಯಾಗ್‌ಹೆಮೈಟ್. ಮ್ಯಾಗ್ನಟೈಟ್ ಕರಾವಳಿಯವರಿಗೆ ಹೊಸ ವಸ್ತುವಲ್ಲ. 2005ರ ಕೊನೆಗೆ ಗಣಿ ನಿಲ್ಲುವವರೆಗೂ ಕುದುರೆಮುಖದಿಂದ ಕೊಳವೆಯೊಳಗೆ ನೀರಿನೊಂದಿಗೆ ಹರಿದು ಪಣಂಬೂರಿಗೆ ಇಳಿಯುತ್ತಿದ್ದ ಅದಿರಿನಲ್ಲಿ ಇದ್ದದ್ದು ಇದೇ ಖನಿಜ.

ಎಂಆರ್‌ಐ ಯಂತ್ರ ಕೇಳಿಸಿಕೊಳ್ಳುವುದು ದೇಹದ ನೀರಿನಲ್ಲಿರುವ ಹೈಡ್ರೋಜನ್‌ನ ದನಿಯನ್ನು. 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯದಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಅದರೊಳಗೆ ಹೈಡ್ರೋಜನ್‌ನ ಪ್ರೋಟಾನ್‌ಗಳನ್ನು ರೇಡಿಯೊ ತರಂಗದಿಂದ ತಟ್ಟಿದಾಗ ಎಲ್ಲವೂ ಒಂದೇ ಲಯದಲ್ಲಿ ಸುತ್ತತೊಡಗುತ್ತವೆ. ಭಜನಾ ಮಂಡಳಿಯಲ್ಲಿ ಎಲ್ಲರ ತಾಳ ಒಟ್ಟಿಗೆ ಬಿದ್ದರೆ ಗದ್ದೆಯ ಆಚೆಗೂ ಕೇಳುತ್ತದೆಯಲ್ಲ, ಹಾಗೆ. ಕಬ್ಬಿಣದ ಕಣವೊಂದು ನಡುವೆ ಬಂದು ಕುಳಿತರೆ ತನ್ನ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುತ್ತದೆ. ಹತ್ತಿರದ ಪ್ರೋಟಾನ್ ಒಂದು ವೇಗದಲ್ಲಿ, ತುಸು ದೂರದ್ದು ಇನ್ನೊಂದು ವೇಗದಲ್ಲಿ ಸುತ್ತುತ್ತದೆ. ತಾಳ ತಪ್ಪುತ್ತದೆ. ಸದ್ದುಗಳು ಒಂದನ್ನೊಂದು ಅಳಿಸಿಹಾಕಿ ಆ ಜಾಗ ಪರದೆಯ ಮೇಲೆ ಕಪ್ಪಾಗುತ್ತದೆ. ಈ ತಾಳ ತಪ್ಪುವ ಅವಧಿಗೇ ನಾವು ಟಿ2 ಎನ್ನುವುದು. ಕಬ್ಬಿಣ ಅದನ್ನು ಕುಗ್ಗಿಸುತ್ತದೆ. 1988ರಿಂದ ಬಳಕೆಯಲ್ಲಿರುವ, ಈಗಲೂ ಎಂಆರ್‌ಐ ಕೋಣೆಯ ದಿನನಿತ್ಯದ ಮದ್ದಾಗಿರುವ ಗ್ಯಾಡೋಲಿನಿಯಂ ಮುಖ್ಯವಾಗಿ ಇನ್ನೊಂದು ಅವಧಿಯನ್ನು, ಟಿ1 ಅನ್ನು, ಕುಗ್ಗಿಸುತ್ತದೆ. ಅದು ಹೋದ ಕಡೆ ಬೆಳ್ಳಗಾಗುತ್ತದೆ.

ನನಗೆ ಕಬ್ಬಿಣದ ಕಣಗಳ ಮೇಲೆ ಇರುವ ಗೌರವಕ್ಕೆ ಕಾರಣ ಅವು ಕೊಡುವ ಕಪ್ಪು ಬಣ್ಣವಲ್ಲ, ಅವನ್ನು ತಿನ್ನುವ ಜೀವಕೋಶಗಳು. ಗ್ಯಾಡೋಲಿನಿಯಂ ರಕ್ತದೊಂದಿಗೆ ಹರಿದು, ಅಂಗಾಂಶದ ಸಂದುಗಳಿಗೆ ಸೋರಿ, ಮೂತ್ರಪಿಂಡದ ದಾರಿಯಲ್ಲಿ ಹೊರಟುಹೋಗುತ್ತದೆ. ಮೂತ್ರಪಿಂಡ ಸರಿಯಿದ್ದವರಲ್ಲಿ ಸುಮಾರು ಒಂದೂವರೆ ಗಂಟೆಗೆ ಅರ್ಧದಷ್ಟು ಖಾಲಿ. ಕಬ್ಬಿಣದ ಕಣ ಹಾಗೆ ಹೋಗುವುದಿಲ್ಲ. ಯಕೃತ್ತಿನಲ್ಲಿ ಕುಪ್ಫರ್ ಎಂಬ ಕಾವಲು ಕೋಶಗಳಿವೆ. ರಕ್ತದಲ್ಲಿ ಬಂದ ಹೊರಗಿನ ಕಣಗಳನ್ನು ನುಂಗುವುದೇ ಅವುಗಳ ಕೆಲಸ. ಅವು ಕಬ್ಬಿಣವನ್ನು ನುಂಗಿ ಆರೋಗ್ಯವಂತ ಯಕೃತ್ತನ್ನೆಲ್ಲ ಕಪ್ಪಾಗಿಸುತ್ತವೆ. ಬೇರೆ ಕಡೆಯಿಂದ ಹರಡಿ ಬಂದ ಕ್ಯಾನ್ಸರ್ ಗಡ್ಡೆಯಲ್ಲಿ ಆ ಕಾವಲುಗಾರರಿಲ್ಲ. ಅದು ಬೆಳ್ಳಗೆ ಉಳಿದು ಎದ್ದು ಕಾಣುತ್ತದೆ. ಅಮೆರಿಕದಲ್ಲಿ 1996ರಲ್ಲಿ ಅನುಮತಿ ಪಡೆದ ಫೆರುಮಾಕ್ಸೈಡ್ಸ್ ಎಂಬ ಮದ್ದು ಕೆಲಸ ಮಾಡಿದ್ದು ಹೀಗೆ.

ದುಗ್ಧಗ್ರಂಥಿಗಳಲ್ಲಿ (ಲಿಂಫ್ ನೋಡ್) ಇದರ ಬೆಲೆ ಇನ್ನೂ ಹೆಚ್ಚು. ಅಲ್ಲಿಯೂ ಕಣ ನುಂಗುವ ಕೋಶಗಳಿವೆ, ಕ್ಯಾನ್ಸರ್ ಕುಳಿತ ಭಾಗ ಮಾತ್ರ ಬೆಳ್ಳಗೆ ಉಳಿಯುತ್ತದೆ. ಗ್ರಂಥಿ ದಪ್ಪವಾಗಿದ್ದರೆ ಮಾತ್ರ ಸಂಶಯಪಡುವುದು ನಮ್ಮ ಹಳೆಯ ರೂಢಿ. ಆದರೆ ಸಣ್ಣ ಗ್ರಂಥಿಯೊಳಗೂ ಕ್ಯಾನ್ಸರ್ ಕುಳಿತಿರಬಹುದು. ಪ್ರಾಸ್ಟೇಟ್ ಕ್ಯಾನ್ಸರ್ ಇದ್ದ 80 ಮಂದಿಯ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕ್ಯಾನ್ಸರ್ ಇದ್ದ ಗ್ರಂಥಿಗಳಲ್ಲಿ ಸಾಮಾನ್ಯ ಎಂಆರ್‌ಐ ಗುರುತಿಸಿದ್ದು ಶೇ 35.4ರಷ್ಟನ್ನು, ಕಬ್ಬಿಣದ ಕಣ ಕೊಟ್ಟು ಮಾಡಿದ ಎಂಆರ್‌ಐ ಶೇ 90.5ರಷ್ಟನ್ನು ಹಿಡಿಯಿತು. ಆಗ ಕೊಟ್ಟದ್ದು ದೇಹದ ತೂಕದ ಕಿಲೋಗೆ 2.6 ಮಿಲಿಗ್ರಾಂ ಕಬ್ಬಿಣ. 60 ಕಿಲೋದವರಿಗೆ 156 ಮಿಲಿಗ್ರಾಂ ಆಯಿತು. ಒಂದು ಬಾಟಲಿ ರಕ್ತದಲ್ಲಿ ಇದಕ್ಕಿಂತ ಹೆಚ್ಚು ಕಬ್ಬಿಣ ಇರುತ್ತದೆ.

ಇಷ್ಟು ಒಳ್ಳೆಯದಾದರೆ ನಮ್ಮಲ್ಲಿ ಏಕೆ ಕೊಡುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಫೆರುಮಾಕ್ಸೈಡ್ಸ್‌ನ ತಯಾರಿಕೆ 2008ರಲ್ಲಿ ನಿಂತಿತು. ಅದನ್ನು ನಿಧಾನವಾಗಿ, ಅರ್ಧ ಗಂಟೆ ಹನಿಸಬೇಕಿತ್ತು, ಕೆಲವರಿಗೆ ಜೋರಾಗಿ ಬೆನ್ನುನೋವು ಬರುತ್ತಿತ್ತು. ದುಗ್ಧಗ್ರಂಥಿಗಾದರೆ ರೋಗಿ ಮರುದಿನ ಮತ್ತೆ ಬರಬೇಕು. ಅದೇ ಹೊತ್ತಿಗೆ ಯಕೃತ್ತಿಗೆಂದೇ ಮಾಡಿದ ಗ್ಯಾಡೋಲಿನಿಯಂ ಮದ್ದು ಬಂದಿತು. ಮಾರುಕಟ್ಟೆ ಸುಲಭದ ದಾರಿಯನ್ನು ಆರಿಸಿಕೊಂಡಿತು. ಒಂದು ಒಳ್ಳೆಯ ಉಪಕರಣವನ್ನು ನಾವು ಅವಸರದಲ್ಲಿ ಕಳೆದುಕೊಂಡೆವು ಎಂಬ ಬೇಸರ ನನಗೆ ಈಗಲೂ ಇದೆ. 2009ರಲ್ಲಿ ರಕ್ತಹೀನತೆಗೆಂದು ಅನುಮತಿ ಪಡೆದ ಫೆರುಮಾಕ್ಸಿಟಾಲನ್ನೇ ಕೆಲವು ದೇಶಗಳ ರೇಡಿಯಾಲಜಿಸ್ಟರು ಎಂಆರ್‌ಐಗೆ ಬಳಸತೊಡಗಿದರು, ಅದರಲ್ಲೂ ಕಿಡ್ನಿ ಕೈಕೊಟ್ಟವರ ರಕ್ತನಾಳ ನೋಡುವುದಕ್ಕೆ. ಅದಕ್ಕೂ ಅಪಾಯವಿದೆ. ತೀವ್ರ ಅಲರ್ಜಿಯಿಂದ ಸಾವುಗಳಾದ ಮೇಲೆ 2015ರಲ್ಲಿ ಅಮೆರಿಕದ ನಿಯಂತ್ರಕರು ಕಠಿಣ ಎಚ್ಚರಿಕೆ ಕೊಟ್ಟರು: ಕನಿಷ್ಠ 15 ನಿಮಿಷ ನಿಧಾನವಾಗಿ ಹನಿಸಬೇಕು, ಮುಗಿದ ಮೇಲೆ ಅರ್ಧ ಗಂಟೆಯಾದರೂ ರೋಗಿಯ ಮೇಲೆ ಕಣ್ಣಿಟ್ಟಿರಬೇಕು.

ಕಿಡ್ನಿ ಕಾಯಿಲೆಯವರ ಮನೆಯವರು ಈಚೆಗೆ ಗ್ಯಾಡೋಲಿನಿಯಂ ಎಂದರೆ ಬೆಚ್ಚುತ್ತಾರೆ. 2006ರಲ್ಲಿ ಅದಕ್ಕೂ ಚರ್ಮ ಗಟ್ಟಿಯಾಗುವ ಒಂದು ಘೋರ ಕಾಯಿಲೆಗೂ ನಂಟು ಕಂಡಿದ್ದು ನಿಜ. ಆದರೆ ಲೋಹವನ್ನು ಉಂಗುರದಂತೆ ಸುತ್ತಿ ಬಿಗಿಹಿಡಿಯುವ ಈಗಿನ ಮದ್ದುಗಳಲ್ಲಿ ಅದು ತೀರಾ ಅಪರೂಪ. ಹೆದರಿ ಅಗತ್ಯದ ಸ್ಕ್ಯಾನಿಂಗ್ ಬಿಡಬೇಡಿ. ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಎಂದು ತೋರಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆಯ ವರದಿ ತನ್ನಿ, ನಿರ್ಧಾರ ಒಟ್ಟಿಗೆ ಮಾಡೋಣ.

ಇನ್ನೊಂದು ಪ್ರಶ್ನೆಯನ್ನು ಹೆಚ್ಚಾಗಿ ಕೇಳುವವರು ಮೀನುಗಾರಿಕೆಯ ದೋಣಿಗಳಲ್ಲಿ ಎಂಜಿನ್ ಕೆಲಸ ಮಾಡುವವರು, ಕಬ್ಬಿಣದ ಗುಣ ಬಲ್ಲವರು: ಮೈಯೊಳಗೆ ಕಬ್ಬಿಣ ಇದ್ದರೆ ಯಂತ್ರ ಎಳೆದುಕೊಳ್ಳುವುದಿಲ್ಲವೇ? ಎಳೆತ ಹುಟ್ಟುವುದು ಕಾಂತಕ್ಷೇತ್ರ ಒಂದೆಡೆ ಹೆಚ್ಚು, ಒಂದೆಡೆ ಕಡಿಮೆ ಇರುವಲ್ಲಿ. ಅದಕ್ಕೇ ಆಮ್ಲಜನಕದ ಸಿಲಿಂಡರ್ ಯಂತ್ರದ ಬಾಯಿಯತ್ತ ಹಾರುತ್ತದೆ. ರೋಗಿ ಮಲಗುವ ನಡುಭಾಗದಲ್ಲಿ ಕ್ಷೇತ್ರ ಸಮನಾಗಿರುತ್ತದೆ. ಜೊತೆಗೆ ಇಷ್ಟು ಚಿಕ್ಕ ಕಣದ ಕಾಂತತೆಯ ದಿಕ್ಕನ್ನು ದೇಹದ ಶಾಖವೇ ಕ್ಷಣಕ್ಷಣಕ್ಕೂ ತಿರುಗಿಸುತ್ತಿರುತ್ತದೆ. ಯಂತ್ರದಿಂದ ಹೊರಬಂದೊಡನೆ ಅವು ಅಯಸ್ಕಾಂತಗಳಾಗಿ ಉಳಿಯುವುದಿಲ್ಲ, ಒಂದಕ್ಕೊಂದು ಅಂಟಿ ರಕ್ತನಾಳ ಕಟ್ಟುವುದೂ ಇಲ್ಲ.

ನಿಜ ಹೇಳಬೇಕೆಂದರೆ ಕಬ್ಬಿಣದ ನ್ಯಾನೊ ಕಣಗಳನ್ನು ನಮ್ಮ ದೇಹವೇ ಮಾಡಿಟ್ಟುಕೊಳ್ಳುತ್ತದೆ. ಫೆರಿಟಿನ್ ಎಂಬ ಪ್ರೋಟೀನಿನ 8 ನ್ಯಾನೊಮೀಟರ್ ಅಗಲದ ಪೊಟರೆಯಲ್ಲಿ ಸುಮಾರು 4,500 ಕಬ್ಬಿಣದ ಪರಮಾಣುಗಳು ಹಿಡಿಸುತ್ತವೆ. ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳಬೇಕಾಗುವ ಥಲಸ್ಸೇಮಿಯಾ ಎಂಬ ರಕ್ತದ ಕಾಯಿಲೆ ಇರುವ ಮಕ್ಕಳ ಹೃದಯದಲ್ಲಿ ಕಬ್ಬಿಣ ಸೇರಿದೆಯೇ ಎಂದು ನಾವು ಅಳೆಯುವುದು ಇದೇ ತಾಳ ತಪ್ಪುವ ಲೆಕ್ಕದಿಂದ. ಆ ಅಳತೆ 20 ಮಿಲಿಸೆಕೆಂಡಿಗಿಂತ ಕೆಳಗಿಳಿದರೆ ಕಬ್ಬಿಣ ಹೊರಹಾಕುವ ಮದ್ದನ್ನು ಬಿಗಿಗೊಳಿಸಬೇಕಾಗುತ್ತದೆ. ಯಾವ ಇಂಜೆಕ್ಷನ್ನೂ ಇಲ್ಲದೆ, ಹೃದಯಕ್ಕೆ ಸೂಜಿ ತಾಗಿಸದೆ, ಒಂದು ಮಗುವಿನ ಮುಂದಿನ ಚಿಕಿತ್ಸೆ ಹೀಗೆ ತೀರ್ಮಾನವಾಗುವುದನ್ನು ನೋಡುವಾಗ ಪ್ರತಿ ಸಲವೂ ನನ್ನ ಮನಸ್ಸು ತುಂಬುತ್ತದೆ.

ಆ ಹಿರಿಯ ಮಹಿಳೆಯ ವರದಿಯಲ್ಲಿ ಬರೆದದ್ದು ಇಷ್ಟು: ಪಿತ್ತನಾಳದಲ್ಲಿ ಕಲ್ಲಿಲ್ಲ, ಕಪ್ಪು ಬಣ್ಣ ಐದು ವಾರಗಳ ಹಿಂದಿನ ಮದ್ದಿನದು, ಮೂರು ತಿಂಗಳವರೆಗೂ ಹೀಗೆ ಕಾಣಬಹುದು. ಎಂಆರ್‌ಐಗೆ ಮೊದಲು ನಾವು ತುಂಬಿಸಿಕೊಳ್ಳುವ ಕಾಗದದಲ್ಲಿ ಪೇಸ್‌ಮೇಕರ್, ಕರಿಮಣಿ, ಕಾಲುಂಗುರ, ತಾಯಿತಗಳ ಸಾಲಿನ ಕೆಳಗೆ ಈಗ ಇನ್ನೊಂದು ಪ್ರಶ್ನೆ ಸೇರಿದೆ: 'ಕಳೆದ ಮೂರು ತಿಂಗಳಲ್ಲಿ ಕಬ್ಬಿಣದ ಇಂಜೆಕ್ಷನ್ ಪಡೆದಿದ್ದೀರಾ? ಎಲ್ಲಿ, ಯಾವ ಮದ್ದು?' ಹೆಸರು ನೆನಪಿಲ್ಲದಿದ್ದರೆ ಆಸ್ಪತ್ರೆಯ ಚೀಟಿಯನ್ನೇ ತನ್ನಿ.