ಎಂಜಿನ್ನಿನ ಮಗ್ಗಿ ಪುಸ್ತಕ

ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರ್ ಇದ್ದ ಕಾಲದಲ್ಲಿ ಮೆಕ್ಯಾನಿಕ್ ಎಂಜಿನ್ನಿನ ದನಿಗೆ ಕಿವಿಗೊಟ್ಟು, ಸ್ಕ್ರೂಡ್ರೈವರಿನಿಂದ ಕಾಲು ಸುತ್ತು ಆಚೆ ಈಚೆ ತಿರುಗಿಸಿ ಗಾಡಿಯನ್ನು ಹದಕ್ಕೆ ತರುತ್ತಿದ್ದ. ಈಗ ಆ ಹದವೆಲ್ಲ ಇಸಿಯು ಎಂಬ ಪುಟ್ಟ ಕಂಪ್ಯೂಟರಿನೊಳಗೆ ಅಂಕಿಗಳಾಗಿ ಕೂತಿದೆ. ಡ್ಯಾಶ್‌ಬೋರ್ಡಿನ ಕೆಳಗಿನ 16 ಪಿನ್ನಿನ ಸಾಕೆಟ್ಟಿಗೆ ಲ್ಯಾಪ್‌ಟಾಪ್ ಜೋಡಿಸಿ ಆ ಅಂಕಿಗಳನ್ನು ತಿದ್ದುವುದೇ ರೀಮ್ಯಾಪಿಂಗ್.

ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ 100 ಸಲ ಕಿಡಿ ಹಾರಬೇಕು. ಪ್ರತಿ ಕಿಡಿಗೂ ಮೊದಲಿನಿಂದ ಲೆಕ್ಕ ಹಾಕುತ್ತ ಕೂತರೆ ಆಗದು. ಮಗ್ಗಿ ಬಾಯಿಪಾಠ ಮಾಡಿದ ಮಗುವಿನಂತೆ ಇಸಿಯು ಸಿದ್ಧ ಉತ್ತರವನ್ನು ಕೋಷ್ಟಕದಿಂದ ಎತ್ತಿಕೊಳ್ಳುತ್ತದೆ. ಒಂದು ಬದಿಯಲ್ಲಿ ಎಂಜಿನ್ ವೇಗ, ಇನ್ನೊಂದು ಬದಿಯಲ್ಲಿ ಅದರ ಮೇಲಿನ ಹೊರೆ. ಎರಡೂ ಸಂಧಿಸುವ ಮನೆಯಲ್ಲಿ ಒಂದು ಅಂಕಿ. ಇದಕ್ಕೇ ಮ್ಯಾಪ್ ಎನ್ನುತ್ತಾರೆ.

ಕಿಡಿಯ ಮ್ಯಾಪನ್ನೇ ನೋಡಿ. ಉರಿ ಸಿಲಿಂಡರಿನ ತುಂಬ ಹರಡಲು ಸಮಯ ಬೇಕು, ಹಾಗಾಗಿ ಪಿಸ್ಟನ್ ಮೇಲಿನ ತುದಿ ಮುಟ್ಟುವ ಮೊದಲೇ ಕಿಡಿ ಹಾರಿಸಬೇಕು. ತುಸು ಬೇಗ ಹಾರಿಸಿದರೆ ಶಕ್ತಿ ಹೆಚ್ಚುತ್ತದೆ. ಅತಿ ಬೇಗ ಹಾರಿಸಿದರೆ ಒತ್ತಡಕ್ಕೆ ಸಿಕ್ಕ ಉಳಿದ ಮಿಶ್ರಣ ತಾನಾಗಿ ಸಿಡಿದು, ಲೋಹದ ಮೇಲೆ ಸುತ್ತಿಗೆ ಬಡಿದಂತೆ ಟಣಟಣ ಸದ್ದು ಬರುತ್ತದೆ. ಅದೇ ನಾಕಿಂಗ್. ಮುಂದುವರಿದರೆ ಪಿಸ್ಟನ್ನೇ ತೂತಾಗಬಹುದು. ಕಳಪೆ ಪೆಟ್ರೋಲ್ ಹಾಕಿಸಿದ, ಏಪ್ರಿಲ್ ಬಿಸಿಲಲ್ಲಿ ಐದು ಜನರನ್ನು ಹೊತ್ತು ಶಿರಾಡಿ ಘಾಟಿ ಏರುವ ಕಾರನ್ನೂ ಕಂಪನಿ ಎಂಜಿನಿಯರ್ ನೆನೆಯಬೇಕು. ಆದ್ದರಿಂದ ಅಪಾಯದ ಗೆರೆಯಿಂದ ಹಿಂದಕ್ಕೇ ನಿಲ್ಲುತ್ತಾನೆ. ರೀಮ್ಯಾಪಿನಲ್ಲಿ ಸಿಗುವ ಹೆಚ್ಚಿನ ಶಕ್ತಿ ಬಹುಮಟ್ಟಿಗೆ ಈ ಕಾಪಿಟ್ಟ ಅಂತರದಿಂದ ಬಂದದ್ದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಎಂಜಿನ್ನಿನಲ್ಲಿ ಆ ಒತ್ತಡವನ್ನೂ ಏರಿಸಬಹುದಾದ್ದರಿಂದ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ.

ತಿದ್ದುವ ಕೆಲಸಕ್ಕೆ ಒಂದು ಕ್ರಮವಿದೆ. ಲ್ಯಾಪ್‌ಟಾಪ್ ಬಾಗಿಲು ತಟ್ಟಿದಾಗ ಇಸಿಯು ಒಂದು ಸಂಖ್ಯೆ ಕೊಟ್ಟು ಸವಾಲೊಡ್ಡುತ್ತದೆ. ಗುಟ್ಟಿನ ಸೂತ್ರದ ಪ್ರಕಾರ ಸರಿಯುತ್ತರ ಬಂದರಷ್ಟೇ ಬೀಗ ತೆರೆಯುತ್ತದೆ. ಮೊದಲು ಮೂಲ ಫೈಲನ್ನು ಓದಿ ಜೋಪಾನ ಮಾಡಬೇಕು. ಅಂಕಿ ಬದಲಿಸಿದ ಮೇಲೆ ಚೆಕ್‌ಸಮ್ ಎಂಬ ತಾಳೆ ಲೆಕ್ಕವನ್ನೂ ಸರಿಪಡಿಸಬೇಕು. ಹಳೆಯದನ್ನು ಅಳಿಸಿ ಹೊಸದನ್ನು ಬರೆಯುವ ನಿಮಿಷಗಳಲ್ಲಿ ಬ್ಯಾಟರಿ ಕುಸಿದರೆ ಅರ್ಧ ಬರೆದ ಇಸಿಯು ಏಳದೆ ಹೋಗಬಹುದು. ಅದಕ್ಕೇ ಬಲ್ಲವರು ಚಾರ್ಜರ್ ಜೋಡಿಸದೆ ಕೈ ಹಾಕುವುದಿಲ್ಲ.

ಡೀಸೆಲ್ ಗಾಡಿಗಳಲ್ಲಿ ಮಸಿ ತಡೆಯುವ ಫಿಲ್ಟರನ್ನೇ ಕಿತ್ತು, ಅದು ಇಲ್ಲದ್ದು ಇಸಿಯುಗೆ ತಿಳಿಯದಂತೆ ಸಾಫ್ಟ್‌ವೇರ್ ತಿದ್ದುವವರಿದ್ದಾರೆ. ಇದನ್ನು ನಾನು ಟ್ಯೂನಿಂಗ್ ಎಂದು ಒಪ್ಪಲಾರೆ. ಆ ಮಸಿ ಹಿಂದೆ ಬರುವ ಸ್ಕೂಟರ್ ಸವಾರನ ಶ್ವಾಸಕೋಶ ಸೇರುತ್ತದೆ.

ತಯಾರಕರೇ ಸಾಫ್ಟ್‌ವೇರಿನಲ್ಲಿ ಮೋಸ ಮಾಡಿದ್ದೂ ಉಂಟು. 2015ರ ಸೆಪ್ಟೆಂಬರಿನಲ್ಲಿ ಅಮೆರಿಕದ ಪರಿಸರ ಸಂಸ್ಥೆ ಫೋಕ್ಸ್‌ವ್ಯಾಗನ್ನಿನ ಮೋಸವನ್ನು ಬಯಲಿಗೆಳೆಯಿತು. ಸ್ಟೀರಿಂಗ್ ಚಕ್ರದ ಸ್ಥಿತಿ, ವೇಗ, ಗಾಳಿಯ ಒತ್ತಡಗಳಿಂದ ‘ಇದು ಹೊಗೆ ಪರೀಕ್ಷೆ’ ಎಂದು ಇಸಿಯು ಊಹಿಸಿ, ಆಗ ಮಾತ್ರ ಶುದ್ಧ ಹೊಗೆ ಬಿಡುತ್ತಿತ್ತು. ರಸ್ತೆಗಿಳಿದರೆ ನೈಟ್ರೋಜನ್ ಆಕ್ಸೈಡ್‌ಗಳು ಮಿತಿಯ 40 ಪಟ್ಟಿನವರೆಗೂ ಏರುತ್ತಿದ್ದವು. ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಲ್ಲಿ ಆ ಸಾಫ್ಟ್‌ವೇರ್ ಇತ್ತು. ಯುರೋಪಿನಲ್ಲಿ 2 ಲೀಟರ್ ಎಂಜಿನ್ನಿನ ಕಾರುಗಳಿಗೆ ಕಂಪನಿ ಕೊಟ್ಟ ಪರಿಹಾರವೂ ಅದೇ ದಾರಿಯದು: ವರ್ಕ್‌ಶಾಪಿನಲ್ಲಿ ಸುಮಾರು ಅರ್ಧ ಗಂಟೆ ಇಸಿಯುಗೆ ಹೊಸ ಸಾಫ್ಟ್‌ವೇರ್ ತುಂಬುವುದು.