ರೂಸ್‌ವೆಲ್ಟ್ ಕಾಡು ಉಳಿಸಿದ್ದು ಹಡಗಿನ ಮರಕ್ಕಾಗಿಯೇ?

ಪ್ರಶ್ನೆ: ಅಮೆರಿಕದ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ಅರಣ್ಯ ರಕ್ಷಣೆಗೂ ನೌಕಾಪಡೆಗೂ ಒಟ್ಟಿಗೇ ಒತ್ತು ಕೊಟ್ಟರಲ್ಲ, ಯುದ್ಧನೌಕೆಗೆ ಮರ ಬೇಕೆಂದೇ ಕಾಡು ಉಳಿಸಿದರೇ?

ಉತ್ತರ: ಅಲ್ಲ. ದಾವಣಗೆರೆಯ ಜೆರಾಕ್ಸ್ ಅಂಗಡಿಗಳಲ್ಲಿ ಸಿಗುವ ಸ್ಪರ್ಧಾತ್ಮಕ ಪರೀಕ್ಷೆಯ ನೋಟ್ಸ್‌ಗಳಲ್ಲಿ ಈ ಸಾಲು ಒಂದು ಕಟ್ಟಿನಿಂದ ಇನ್ನೊಂದಕ್ಕೆ ಇಳಿಯುತ್ತಲೇ ಇದೆ, ನಾನೂ ಉತ್ತರ ಬರೆಯುತ್ತಲೇ ಇದ್ದೇನೆ. ಈ ಸಲ ಬುಡದಿಂದಲೇ ಕೀಳೋಣ.

ರೂಸ್‌ವೆಲ್ಟ್ 1907ರ ಡಿಸೆಂಬರ್‌ನಲ್ಲಿ ವಿಶ್ವ ಪರ್ಯಟನೆಗೆ ಕಳುಹಿಸಿದ 16 ಯುದ್ಧನೌಕೆಗಳು ಉಕ್ಕಿನವು. ಮೈಗೆ ಬಿಳಿ ಬಣ್ಣ, ಹೊಟ್ಟೆಗೆ ಕಲ್ಲಿದ್ದಲು. 1909ರ ಫೆಬ್ರುವರಿಯಲ್ಲಿ ಮರಳುವವರೆಗೂ ಅವುಗಳನ್ನು ಕಾಡಿದ್ದು ಕಲ್ಲಿದ್ದಲಿನ ಚಿಂತೆಯೇ ಹೊರತು ಮರದ್ದಲ್ಲ. ಯುದ್ಧನೌಕೆಯ ಒಡಲನ್ನು ಮರದಲ್ಲಿ ಕಟ್ಟುವ ಕಾಲ ಮುಗಿದು ದಶಕಗಳೇ ಕಳೆದಿದ್ದವು.

ಹಾಗಾದರೆ ಈ ಮಾತು ಹುಟ್ಟಿದ್ದೆಲ್ಲಿ? ಅದಕ್ಕೂ ಹಿಂದಿನ ಶತಮಾನದಲ್ಲಿ. 1828ರಲ್ಲಿ ಅಮೆರಿಕ ಸರ್ಕಾರ ಫ್ಲಾರಿಡಾದಲ್ಲಿ ಓಕ್ ಮರಗಳ ತೋಪನ್ನು ನೌಕಾಪಡೆಗೆಂದೇ ಕಾಯ್ದಿಟ್ಟಿತ್ತು. ನಮ್ಮಲ್ಲೂ 1806ರಲ್ಲಿ ಬ್ರಿಟಿಷರು ಮಲಬಾರಿನ ತೇಗದ ಮೇಲೆ ಕಣ್ಣಿಟ್ಟು ಅರಣ್ಯಾಧಿಕಾರಿಯನ್ನು ನೇಮಿಸಿದ್ದು ಹಡಗು ಕಟ್ಟುವುದಕ್ಕೇ. ಆ ತೇಗದಿಂದ ಮುಂಬೈಯಲ್ಲಿ ಕಟ್ಟಿ 1817ರಲ್ಲಿ ನೀರಿಗಿಳಿಸಿದ ಟ್ರಿಂಕೋಮಲಿ ಎಂಬ ಹಡಗು ಇಂದಿಗೂ ಇಂಗ್ಲೆಂಡಿನಲ್ಲಿದೆ. ನೋಟ್ಸ್ ಬರೆದವರು ಈ ಕಥೆಯನ್ನು ತಂದು ರೂಸ್‌ವೆಲ್ಟ್ ತಲೆಗೆ ಕಟ್ಟಿದ್ದಾರೆ. ಇಸವಿಗಳನ್ನು ಒಂದರ ಪಕ್ಕ ಒಂದು ಬರೆದುಕೊಂಡಿದ್ದರೆ ಸಾಕಿತ್ತು.

ರೂಸ್‌ವೆಲ್ಟ್ ಕಾಡು ಉಳಿಸಿದ ಕಾರಣಗಳು ಬೇರೆ. ಬೆಟ್ಟ ಬೋಳಾದರೆ ಹೊಳೆ ಬತ್ತುತ್ತದೆ, ಮನೆಗೂ ರೈಲು ಹಳಿಗೂ ಗಣಿಗೂ ಮರ ಕಡಿಯುವ ವೇಗ ಹೀಗೇ ಇದ್ದರೆ ಮುಂದಿನವರಿಗೆ ಏನೂ ಉಳಿಯುವುದಿಲ್ಲ ಎಂಬುದು ಅವರ ಆತಂಕ. 1903ರಲ್ಲಿ ಫ್ಲಾರಿಡಾದ ಪೆಲಿಕನ್ ದ್ವೀಪವನ್ನು ಪಕ್ಷಿಧಾಮ ಮಾಡಿದ್ದು, ಟೋಪಿಗೆ ಸಿಕ್ಕಿಸುವ ಗರಿಗಾಗಿ ಹಕ್ಕಿ ಕೊಲ್ಲುವವರಿಂದ ಅವನ್ನು ಕಾಪಾಡಲು. ಗರಿಯಿಂದ ಯಾವ ಹಡಗು ಕಟ್ಟುತ್ತಾರೆ?

ಕಾಡಿಗೂ ಹಡಗಿಗೂ ನಂಟೇ ಇಲ್ಲವೆಂದಲ್ಲ. ನಂಟು ಇರುವುದು ಆ ಮನುಷ್ಯನ ಹಟದಲ್ಲಿ. 1907ರಲ್ಲಿ ವಾಯವ್ಯದ 6 ರಾಜ್ಯಗಳಲ್ಲಿ ಹೊಸ ಮೀಸಲು ಅರಣ್ಯ ಘೋಷಿಸುವ ಅಧಿಕಾರವನ್ನು ಸಂಸತ್ತು ಅವರಿಂದ ಕಿತ್ತುಕೊಂಡಿತು. ಮಸೂದೆ ಸಹಿಗಾಗಿ ಕಾದಿತ್ತು. ಅರಣ್ಯ ಸೇವೆಯ ಮುಖ್ಯಸ್ಥ ಗಿಫರ್ಡ್ ಪಿಂಚೋ ಮತ್ತು ಸಿಬ್ಬಂದಿ ನಕ್ಷೆಗಳನ್ನು ಹರಡಿಕೊಂಡು ಕುಳಿತು ಗಡಿ ಗುರುತಿಸಿದರು. ಸುಮಾರು 1.6 ಕೋಟಿ ಎಕರೆಯನ್ನು ಮೀಸಲೆಂದು ಘೋಷಿಸಿದ ಮೇಲೆಯೇ ರೂಸ್‌ವೆಲ್ಟ್ ಮಸೂದೆಗೆ ಸಹಿ ಹಾಕಿದರು. ಅದೇ ವರ್ಷ ನೌಕಾಯಾತ್ರೆಗೆ ಹಣ ಕೊಡುವುದಿಲ್ಲವೆಂಬ ಬೆದರಿಕೆ ಬಂದಾಗ, ಪೆಸಿಫಿಕ್‌ವರೆಗೆ ಕಳುಹಿಸಲು ಕೈಯಲ್ಲಿರುವ ಹಣ ಸಾಕು ಎಂದು ಹಡಗುಗಳನ್ನು ಹೊರಡಿಸಿಯೇಬಿಟ್ಟರು. ಮರಳಿ ಕರೆಸುವ ಖರ್ಚು ಸಂಸತ್ತಿನ ತಲೆಗೆ ಬಿತ್ತು.

ಯುದ್ಧಕ್ಕಾಗಿ ನೆಲ ಕಾಯ್ದಿಟ್ಟ ನಿದರ್ಶನವೇ ಬೇಕಿದ್ದರೆ ಚಿತ್ರದುರ್ಗದಲ್ಲಿ ಚಳ್ಳಕೆರೆ ಬಸ್ ಹತ್ತಿ. ಅಲ್ಲಿನ ಅಮೃತಮಹಲ್ ಕಾವಲುಗಳು ಮೈಸೂರು ಸೈನ್ಯದ ಫಿರಂಗಿ, ಸಾಮಾನು ಎಳೆಯುವ ಎತ್ತುಗಳಿಗಾಗಿ ಉಳಿಸಿದ ಹುಲ್ಲುಗಾವಲು. ಹೈದರ್, ಟಿಪ್ಪು ಕಾಲದಲ್ಲಿ ಈ ವ್ಯವಸ್ಥೆ ಬಲವಾಯಿತು, ಬ್ರಿಟಿಷರೂ ಮುಂದುವರಿಸಿದರು. ದನಕ್ಕೆಂದು ಉಳಿದ ಹುಲ್ಲಿನಲ್ಲಿ ಕೃಷ್ಣಮೃಗ ಬದುಕಿತು, ಕುರಿಗಾಹಿಗಳೂ ಬದುಕಿದರು. ಈಚೆಗೆ ಅದೇ ಕಾವಲಿನ ಸಾವಿರಾರು ಎಕರೆ ಡಿಆರ್‌ಡಿಒ, ಇಸ್ರೊ, ಭಾಭಾ ಪರಮಾಣು ಸಂಶೋಧನಾ ಕೇಂದ್ರಗಳಿಗೆ ಹೋಯಿತು. ವಿವಾದ ಹಸಿರು ನ್ಯಾಯಮಂಡಳಿಯವರೆಗೂ ಮುಟ್ಟಿತು.

ಹುಲ್ಲುಗಾವಲನ್ನು ಕಾಡಿನಷ್ಟೇ ಜೋಪಾನ ಮಾಡಬೇಕೇ ಎಂದು ನೀವು ಯಾರೂ ಕೇಳಿಲ್ಲ. ಮಾಡಬೇಕು. ಮರವಿಲ್ಲದ ನೆಲವನ್ನು ಪಾಳು ಎಂದು ಬರೆದಿರುವ ನೋಟ್ಸ್ ನಿಮ್ಮ ಬಳಿ ಇದ್ದರೆ ಆ ಸಾಲನ್ನೂ ಹೊಡೆದುಹಾಕಿ.